ಅಕ್ಕೋರ ಉಡಿಯಲ್ಲಿ ಅಕ್ಕಿ

ಇಷ್ಟಲಿಂಗ ಇನ್ನೂ ಅಂಗೈಯಲ್ಲಿತ್ತು. ಹೊಸ್ತಿಲ ಹತ್ತಿರ ಯಾರೋ ಬೂಟು ಬಿಚ್ಚುವ ಸಪ್ಪಳ ಕೇಳಿತು.

ಪೊಲೀಸಿನವರು ರಾಯಚೂರಿನ ನಮ್ಮ ಮನೆಗೆ ಬರುವುದು ಹೊಸದಲ್ಲ. ನಾನು, ಮುದುಕಪ್ಪ, ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಹಳೆಯ ಹುಡುಗರು ಆಗಾಗ ಬಂದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋಗುತ್ತಾರೆ. ಯಾರೂ ಬೂಟು ಬಿಚ್ಚುವುದಿಲ್ಲ. ಬಿಚ್ಚಿದರೆ ಮನೆಯೊಳಗೆ ಬಂದು ಹೇಳಬೇಕಾದ ಸುದ್ದಿ ತಂದಿದ್ದಾರೆ ಎಂದೇ ತಿಳಿಯಬೇಕು. ನಾನೂ ಎಷ್ಟೋ ಮನೆಗಳ ಬಾಗಿಲಲ್ಲಿ ಹಾಗೆ ಬೂಟು ಬಿಚ್ಚಿದವನು.

ಬಂದವನು ಅಂಬಣ್ಣ, ಮಾನ್ವಿಯ ಸಬ್ ಇನ್ಸ್‌ಪೆಕ್ಟರ್.

"ಪೂಜಿ ಮುಗಿಸ್ರಿ ಯಪ್ಪಾ. ನಾ ಕುಂದರತೀನಿ."

"ಮುಗೀತು. ಹೇಳು."

ಮುಗಿದಿರಲಿಲ್ಲ.

"ಅಕ್ಕೋರು ಹೋಗಿಬಿಟ್ರು," ಎಂದ. ಅಷ್ಟು ಹೇಳಿ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಮಾನ್ವಿ ಸೀಮೆಯಲ್ಲಿ ಅಕ್ಕೋರು ಎಂದರೆ ಒಬ್ಬಳೇ. ನನ್ನ ತಂಗಿ ನೀಲಗಂಗಮ್ಮ.

ಅದು ಎಂಬತ್ತಮೂರರ ಬೇಸಿಗೆ, ಮಂಗಳವಾರ. ಬಸವ ಜಯಂತಿ ಹತ್ತಿರ ಬಂದಿತ್ತು. ಪ್ರತಿ ವರ್ಷ ಅದೇ ದಿನ ಆಕೆ ತನ್ನ ಬೇಸಿಗೆ ಸಾಲಿಯ ಬಾಗಿಲು ತೆರೆಯುತ್ತಿದ್ದಳು. ಹಗಲು ಕುರಿ ಕಾಯುವ, ಕಳೆ ಕೀಳುವ, ತಮ್ಮಂದಿರನ್ನು ಎತ್ತಿಕೊಂಡು ತಿರುಗುವ ಹೆಣ್ಣುಮಕ್ಕಳಿಗೆ ಸಂಜೆ ಹೊತ್ತು ಓದು, ಬರಹ, ಹೊಲಿಗೆ. ಸರಕಾರದ ಸಾಲಿಗೆ ಬೇಸಿಗೆ ರಜೆ. ಇವಳ ಸಾಲಿಗೆ ಬೇಸಿಗೆಯೇ ಸುಗ್ಗಿ.

"ಕಲ್ಲೂರ ಹಟ್ಟಿ ಹಾದ್ಯಾಗ, ಬೇವಿನ ಗಿಡದ ಬುಡಕ ಇದ್ರು. ಮುಂಜಾನೆ ಕುರಿ ಹೊಡಕೊಂಡು ಹೊಂಟವರು ನೋಡ್ಯಾರ," ಎಂದ ಅಂಬಣ್ಣ. "ಮೈಮ್ಯಾಲೆ ಒಂದು ಗಾಯ ಇಲ್ಲ. ನಿನ್ನೆ ಮಧ್ಯಾಹ್ನದ ಬಿಸಿಲು ಬಡದದ ಅಂದ್ರು ಡಾಕ್ಟರು."

ನಾನು ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದೆ.

ಮಾನ್ವಿಯಲ್ಲಿ ಆಕೆಯನ್ನು ನೋಡಿದೆ. ಹಣೆಯ ಮೇಲೆ ವಿಭೂತಿ ಹಾಗೆಯೇ ಇತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಚಪ್ಪಲಿ ಎಲ್ಲಿ?"

"ಹುಡುಕಿದ್ವಿ. ಸಿಗಲಿಲ್ಲ. ಬಿಸಿಲು ತಲಿಗೇರಿದ್ರ ಮನಷ್ಯಾಗ ಎಲ್ಲಿ ಬಿಟ್ಟೆ, ಎಲ್ಲಿ ನಡದೆ ಗೊತ್ತಾಗಂಗಿಲ್ರಿ."

ಅಂದು ಸಂಜೆಯೇ ಮಣ್ಣು ಮಾಡಿದೆವು. ಯಾರು ಬಂದಿದ್ದರು ಎಂದು ಹೇಳುವುದಕ್ಕಿಂತ ಯಾರು ಬಂದಿರಲಿಲ್ಲ ಎಂದು ಹೇಳುವುದು ಸುಲಭ. ದೇವದುರ್ಗದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಕೆಲಸದ ಸೀರೆಯಲ್ಲೇ ಓಡಿ ಬಂದಿದ್ದಳು. ಆಕೆಗೆ ಅಕ್ಷರ ಕಲಿಸಿದವಳು ನನ್ನ ತಂಗಿ. ಕವಿತಾಳದ ನರ್ಸಮ್ಮ ಕುಣಿಯ ಹತ್ತಿರ ನಿಂತು ಮಗ್ಗಿ ಹೇಳುವವಳಂತೆ ಏನೋ ಗೊಣಗುತ್ತಿದ್ದಳು. ಹತ್ತಿರ ಹೋಗಿ ಕೇಳಿದರೆ ನಿಜವಾಗಿಯೂ ಮಗ್ಗಿಯೇ. "ಬ್ಯಾರೆ ಮಂತ್ರ ನನಗ ಬರಂಗಿಲ್ರಿ, ಅಕ್ಕೋರು ಕಲಿಸಿದ್ದು ಇದs," ಎಂದಳು.

*

ಮೂರನೆಯ ದಿನ ನಾನು ಸಾಲಿಗೆ ಹೋದೆ. ಸಾಲಿ ಎಂದರೆ ಮಾನ್ವಿಯ ಹಳೆಯ ಹತ್ತಿ ಜಿನ್ನಿನ ಪಡಸಾಲೆ. ಬೇಸಿಗೆಯಲ್ಲಿ ಜಿನ್ನು ಬಂದಾಗಿರುತ್ತದೆ. ಮಾಲೀಕರಾದ ಅಕ್ಕಿ ಗಿರಣಿಯ ಮಹಾಂತಯ್ಯನವರು ವರ್ಷಾ ವರ್ಷಾ ಬೀಗದ ಕೈ ಕೊಡುತ್ತಿದ್ದರು. ಬೀಗ ಹಾಕಿದ ಬಾಗಿಲ ಹೊರಗೆ ಕಟ್ಟೆಯ ಮೇಲೆ ಹೊಲಿಗೆ ಕಲಿಸುವ ಸರ್ವರಿ ಬೇಗಂ ತನ್ನ ಯಂತ್ರ ಇಟ್ಟುಕೊಂಡು ಒಬ್ಬಳೇ ಕುಳಿತಿದ್ದಳು. ಎದುರಿಗೆ ಒಬ್ಬ ರೈತ ಸೈಕಲ್ ಹಿಡಿದು ನಿಂತಿದ್ದ.

"ನಮ್ಮ ಹುಡುಗಿನ್ನ ಬಿಟ್ಟುಬಿಡ್ರಿ ಬೇಗಂ. ಕರಿಯಾಕ ಬಂದ ಅಕ್ಕೋರನ್ನs ಬಿಸಿಲು ನುಂಗೇತಿ. ಕಲಿಯಾಕ ಬರೋ ಹುಡುಗ್ಯಾರ್ನ ಬಿಡತೈತೇನು?"

"ಬಿಡು ಅಂದರೆ ಹೆಂಗ ಬಿಡಲಿ? ನಿನ್ನ ಹೆಂಡತಿ ಉಡಿ ತುಂಬ್ಯಾಳೋ ಇಲ್ಲೋ?"

"ತುಂಬ್ಯಾಳ್ರಿ. ಜ್ವಾಳ ವಾಪಸ್ ಕೊಡ್ರಿ ಅನ್ನಾಕತ್ತಾಳ."

"ಅಯ್ಯೋ ಅಲ್ಲಾ! ಆ ಜ್ವಾಳ ಬೀಸಿ ಹಿಟ್ಟಾಗ್ಯಾದ. ನೀ ತಲಿ ಮ್ಯಾಲೆ ಹೊತ್ತೊಯ್ತಿಯೇನು? ಹೋಗು, ಹುಡುಗಿನ್ನ ಕಳಿಸು. ರೊಟ್ಟಿ ಅಕಿನs ತಿನ್ನಬೇಕು."

ಅವನು ತಲೆ ಕೆರೆದುಕೊಂಡು ಹೋದ. ಸರ್ವರಿ ಬೇಗಂ ನನ್ನನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮುಂಜಾನಿಂದ ಇವನೇ ನಾಲ್ಕನೆಯವನು ಭಾಯಿಸಾಬ್. ನಗಿಸಿ ಕಳಿಸಾಕತ್ತೀನಿ. ಎಷ್ಟು ದಿನ ನಗಿಸಲಿ?"

ಈ ಉಡಿಯ ಮಾತನ್ನು ಇಲ್ಲಿ ಹೇಳಬೇಕು. ನನ್ನ ತಂಗಿಯ ಸಾಲಿಗೆ ಸೇರಲು ಕಾಗದವಿರಲಿಲ್ಲ, ಸಹಿಯಿರಲಿಲ್ಲ. ಗಂಡ ತೀರಿಹೋದ ಹೊಸದರಲ್ಲಿ ಆಕೆ ದೇವದುರ್ಗದಲ್ಲಿ ಸಂಜೆ ಸಾಲಿ ಮಾಡುತ್ತಿದ್ದಳು. ಎಪ್ಪತ್ತರ ಆಸುಪಾಸು. ಮಕ್ಕಳನ್ನು ಕೇಳಿಕೊಂಡು ಒಂದು ಕುರಿ ಹಟ್ಟಿಗೆ ಹೋದಾಗ ಒಬ್ಬ ತಾಯಿ ಮಗನನ್ನು ಕಳಿಸಲು ಒಪ್ಪಿ, ಮೊರದಲ್ಲಿ ಜೋಳ ತಂದು ಉಡಿ ತುಂಬಲು ನಿಂತಳು. ತಂಗಿ ಹಿಂದೆ ಸರಿದು, "ನಾ ಮುತ್ತೈದಿ ಅಲ್ಲವ್ವಾ," ಎಂದಳು.

"ನೀ ನಮ್ಮ ಮನಿಗೆ ಬೆಳಕು ತಂದಾಕಿ. ನಿನ್ನ ಬರೇ ಉಡೀಲೆ ಕಳಿಸಿದ್ರ ನನ್ನ ದ್ಯಾವರು ಒಪ್ಪತಾನೇನು? ಹಿಡಿ ಸೆರಗು," ಎಂದಳಂತೆ ಆ ತಾಯಿ.

ಅಂದಿನಿಂದ ಅದೇ ಪದ್ಧತಿಯಾಯಿತು. ಮಗುವನ್ನು ಕಳಿಸುತ್ತೇವೆ ಎಂದು ಒಪ್ಪಿದ ಮನೆಯ ಹೆಂಗಸು ಅಕ್ಕೋರ ಉಡಿ ತುಂಬುವುದು. ತುಂಬಿದ ಮೇಲೆ ಮಾತು ತಪ್ಪುವಂತಿಲ್ಲ. ಆ ಜೋಳವೆಲ್ಲ ಕೂಡಿಸಿ ಸಾಲಿಯ ಮಕ್ಕಳಿಗೆ ಸಂಜೆ ರೊಟ್ಟಿ. ಆ ದಿನ ದೇವದುರ್ಗದಲ್ಲಿ ಸೇರಿದ ಹುಡುಗನೇ ಇಂದಿನ ಸಬ್ ಇನ್ಸ್‌ಪೆಕ್ಟರ್ ಅಂಬಣ್ಣ.

ಸರ್ವರಿ ಬೇಗಂ ಎದ್ದು ಹೊಲಿಗೆ ಯಂತ್ರದ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದಳು.

"ಮೈ ತೊಳೆಸುವಾಗ ಅಕ್ಕೋರ ಸೊಂಟದಾಗ ಇತ್ತು. ಪಂಚನಾಮೆ ಮಾಡಿದ ಗಂಡಸರು ಹೆಂಗಸಿನ ಉಡಿ ಮುಟ್ಟಿಲ್ಲ. ಮಣ್ಣಾಗ ಹಾಕಾಕ ನನಗ ಮನಸಾಗಲಿಲ್ಲ. ನೋಡ್ರಿ."

ಬಿಚ್ಚಿದೆ. ಬಟ್ಟಲು ಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ, ಬಾಡಿದ ಎಲೆ. ಅವುಗಳ ನಡುವೆ ಬಿಳಿಯ ಸಣ್ಣಕ್ಕಿ.

ಕುರಿ ಹಟ್ಟಿಯಲ್ಲಿ ಯಾರೂ ಸಣ್ಣಕ್ಕಿಯಿಂದ ಉಡಿ ತುಂಬುವುದಿಲ್ಲ. ಸಣ್ಣಕ್ಕಿ ಇರುವ ದೊಡ್ಡ ಮನೆಗಳಲ್ಲಿ ವಿಧವೆಗೆ ಉಡಿ ತುಂಬುವುದಿಲ್ಲ. ಹಾಗಾದರೆ ಇದನ್ನು ತುಂಬಿದ ಕೈ ಯಾವುದು?

"ಸೋಮವಾರ ಆಕೆ ಎಲ್ಲಿಗೆ ಹೋಗಬೇಕಾಗಿತ್ತು?"

"ಐತವಾರ ಹೇಳಿದ್ರು, ನಾಳೆ ಮಹಾಂತಯ್ಯನವರ ಮನಿಗೆ ಹೋಗಿ ಬೀಗದ ಕೈ ತರಬೇಕು ಅಂತ. ಸೋಮವಾರ ನಾ ಊರಾಗ ಇದ್ದಿಲ್ಲ, ಕವಿತಾಳಕ್ಕ ಹೋಗಿದ್ದೆ. ನಾ ಇದ್ದಿದ್ರ..."

*

ಅಂಬಣ್ಣ ಜೀಪು ತಂದ. ಮೊದಲು ಕಲ್ಲೂರಿಗೆ ಹೋದೆವು.

ಬಸ್ಸು ನಿಲ್ಲುವ ಜಾಗದಿಂದ ಹಟ್ಟಿಗೆ ಒಂದು ಬಂಡಿ ದಾರಿ. ಅರ್ಧ ದಾರಿಯಲ್ಲಿ ಆ ಬೇವಿನ ಗಿಡ. ನೆಲದ ತುಂಬ ಕುರಿ ಹಿಕ್ಕೆ.

"ಹಟ್ಟಿ ಕುರಿ ಸಂಜಿಗೆ ಯಾವ ಹಾದೀಲೆ ಬರತಾವ ಅಂಬಣ್ಣ?"

"ಇದs ಹಾದೀಲೆ."

"ಸೋಮವಾರ ಸಂಜಿಗೂ ಬಂದಾವಲ್ಲ?"

ಹಟ್ಟಿಯಲ್ಲಿ ಹುಟ್ಟಿದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಆಕೆ ಇಲ್ಲಿ ಬಿದ್ದಿದ್ದರೆ ಸಂಜೆ ಅಷ್ಟು ಕುರಿಗಳು, ಕಾಯುವವರು, ನಾಯಿಗಳು ಆಕೆಯನ್ನು ದಾಟಿ ಹೋಗಬೇಕಿತ್ತು. ಯಾರೂ ಕಂಡಿಲ್ಲ. ನಾಯಿಯೂ ಬೊಗಳಿಲ್ಲ.

"ಮತ್ತ ಮಧ್ಯಾಹ್ನದಾಗ ಆಕಿ ಹಟ್ಟಿಗೆ ಯಾಕ ಬರತಾಳ? ಅಷ್ಟೊತ್ತಿಗೆ ಅಲ್ಲಿ ಯಾರಿರತಾರ? ಯಾವಾಗ್ಲೂ ಕುರಿ ಬಂದ ಮ್ಯಾಲೆ ಬರತಿದ್ಳು. ನಿಮ್ಮ ಮನಿಗೆ ಬಂದದ್ದೂ ಹಂಗೇ ಅಲ್ಲೇನು?"

ಅಂಬಣ್ಣ ಗಿಡಕ್ಕೆ ಬೆನ್ನು ಕೊಟ್ಟು ನಿಂತ. ಆಮೇಲೆ ಮೆಲ್ಲಗೆ ಹೇಳಿದ: "ಯಪ್ಪಾ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಬಿಸಿಲು ಅಂತ ಮಂದಿ ನಂಬ್ಯಾರ. ಹೆದರಿಕಿ ಇನ್ನ ಎರಡು ದಿನ ಇರತದ, ಹೋಗತದ. ಬಸವ ಜಯಂತಿಗೆ ಅರ್ಧ ಹುಡುಗ್ಯಾರಾದ್ರೂ ಬರತಾರ. ಖೂನಿ ಅಂತ ನಾವು ಬರದ್ವಿ ಅಂದ್ರ ಆ ಬಾಗಲಾ ಮತ್ತ ತೆಗಿಯಂಗಿಲ್ಲ. ಸಂಜಿ ಹೊತ್ತು ಯಾವ ತಾಯಿ ಮಗಳನ್ನ ಹೊರಗ ಬಿಡತಾಳ್ರಿ?"

"ನೀ ಪೊಲೀಸಿನವನಾಗಿ ಹೇಳತೀಯೋ?"

"ಅಕ್ಕೋರ ಹುಡುಗ ಆಗಿ ಹೇಳತೀನಿ."

ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ನನ್ನ ತಂಗಿಯನ್ನೇ ಕೇಳಿದ್ದರೆ, "ನನ್ನ ಸಾವು ಹೆಂಗ ಬಂತು ಅಂತ ನೀ ತಿಳಕೊಂಡು ಏನು ಮಾಡತಿ ಅಣ್ಣಾ? ಹುಡುಗ್ಯಾರ್ನ ನೋಡು," ಎನ್ನುತ್ತಿದ್ದಳು. ನ್ಯಾಯ ನನಗೆ ಬೇಕಾಗಿತ್ತು. ಸಾಲಿ ಆಕೆಗೆ ಬೇಕಾಗಿತ್ತು.

"ಹಟ್ಟಿ ಒಮ್ಮೆ ನೋಡಿ ಬರತೀನಿ. ಆಮ್ಯಾಲೆ ಮಾತಾಡೋಣ," ಎಂದೆ.

ಅಂಬಣ್ಣ ಗಂಡಸರೊಂದಿಗೆ ಮಾತಾಡಲು ಹೊರಗೆ ನಿಂತ. ನಾನು ಭೀಮವ್ವನ ಗುಡಿಸಲಿಗೆ ಹೋದೆ. ಈ ವರ್ಷ ಸೇರಬೇಕಾಗಿದ್ದ ದುರುಗಮ್ಮ ಎಂಬ ಹುಡುಗಿಯ ತಾಯಿ ಆಕೆ. ಗಂಡನಿಲ್ಲ. ಒಬ್ಬಳೇ ಕುರಿ ಸಾಕಿ ಮನೆ ನಡೆಸಿದವಳು. ನನ್ನನ್ನು ಕಂಡೊಡನೆ ಕಂಬಳಿ ಹಾಸಿದಳು, ಮಜ್ಜಿಗೆ ತಂದಳು.

"ಅಕ್ಕೋರ ಅಣ್ಣನಾ ನೀನು? ಮೂಗು ಅವರದs. ಕುಂದರ್ರಿ. ನೋಡ್ರಿ ಇಲ್ಲಿ."

ಗೋಡೆಯ ಹತ್ತಿರ ಮೊರದಲ್ಲಿ ಜೋಳ. ಮೇಲೆ ಅರಿಶಿನ ಹಚ್ಚಿದ ಎಲೆ.

"ಸ್ವಾಮಾರ ಸಂಜಿಗೆ ಬರತೀನಿ ಅಂದಿದ್ರು. ಉಡಿ ತುಂಬಬೇಕಂತ ಆರಿಸಿ ಇಟ್ಟಿದ್ದೆ. ಬರಲೇ ಇಲ್ಲ. ಈಗ ಇದನ್ನ ಕುಟ್ಟಲೋ, ಬೀಸಲೋ, ಯಾರ ಉಡಿಗೆ ಹಾಕಲೋ ಯಪ್ಪಾ?" ಎಂದು ಮೊರವನ್ನು ಎದೆಗೆ ಅವುಚಿಕೊಂಡಳು.

"ಹುಡುಗಿ ಎಲ್ಲಿ?"

"ಮಟಮಾರಿಗೆ ಹೋಗ್ಯಾಳ್ರಿ, ನನ್ನ ತಂಗಿ ಮನಿಗೆ. ಐತವಾರs ಹೋದ್ಲು. ಅಕ್ಕೋರು ಸತ್ತದ್ದು ಅಕಿಗಿನ್ನಾ ಗೊತ್ತಿಲ್ಲ. ಗೊತ್ತಾದ್ರ ಸಾಯತಾಳ ಅದು."

ಕಣ್ಣೀರು ಹಾಕದೆ ಅತ್ತಳು. ಅಂಥ ಹೆಂಗಸರನ್ನು ನಾನು ನೋಡಿದ್ದೇನೆ, ಅವರಿಗೆ ಕೈಮುಗಿಯಬೇಕು ಎನಿಸುತ್ತದೆ. ಮುಗಿದು ಹೊರಗೆ ಬಂದೆ.

*

ಮಾನ್ವಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು ಆಗಿರಲಿಲ್ಲ. ಮಹಾಂತಯ್ಯನವರು ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದರು. ಊರಿನಲ್ಲಿ ಮರ್ಯಾದಸ್ಥರು, ಕೊಡುಗೈ. ನಮ್ಮನ್ನು ಕಂಡು ಎದ್ದು ನಿಂತರು.

"ಬರ್ರಿ, ಬರ್ರಿ. ಅಕ್ಕೋರ ಹೆಸರಿಲೆ ನಾನೂ ಒಂದು ಮಾತು ಅನ್ನಬೇಕಂತಿದ್ದೆ. ಬೀಗದ ಕೈ ನನ್ನ ಹತ್ರನs ಅದ. ಸಾಲಿ ನಡಸ್ರಿ. ಇಲ್ಲ ಅನ್ನಂಗಿಲ್ಲ."

"ದೊಡ್ಡ ಮಾತು ಆಡಿದ್ರಿ," ಎಂದೆ. ಗಂಟನ್ನು ಅವರ ಮುಂದೆ ಬಿಚ್ಚಿದೆ. "ಇದು ನಿಮ್ಮ ಮನಿ ಅಕ್ಕಿ ಏನ್ರಿ?"

ಅವರು ಹಿಡಿಯಷ್ಟು ಎತ್ತಿ ನೋಡಿದರು. ಅಕ್ಕಿಯವರಿಗೆ ಅಕ್ಕಿ ಗೊತ್ತಾಗದೆ ಇರುವುದಿಲ್ಲ.

"ನಮ್ಮ ಗಿರಣೀದು. ಅದಕ್ಕೇನಾತು? ಊರೆಲ್ಲ ಒಯ್ತಾರ."

"ನನ್ನ ತಂಗಿ ಉಡ್ಯಾಗ ಇತ್ತು."

ಮಹಾಂತಯ್ಯನವರ ಮುಖ ಕೆಂಪಾಯಿತು. "ಮುದುಕಪ್ಪನವರ, ನೀವು ಹಿರಿಯರು, ದುಃಖದಾಗಿದ್ದೀರಿ, ತಡಕೋತೀನಿ. ನಮ್ಮ ಮನಿತನದಾಗ ಗಂಡ ಇಲ್ಲದಾಕಿಗೆ ಉಡಿ ತುಂಬಿದ್ದು ನಾ ಹುಟ್ಟಿದ ಮ್ಯಾಲೆ ನೋಡಿಲ್ಲ. ಅಕ್ಕೋರ ಮ್ಯಾಲೆ ಗೌರವ ಬ್ಯಾರೆ, ಪದ್ಧತಿ ಬ್ಯಾರೆ. ಸ್ವಾಮಾರ ನಾ ರಾಯಚೂರು ಬಜಾರದಾಗಿದ್ದೆ. ನಮ್ಮಾಕಿ ದೇವದುರ್ಗಕ್ಕ ತೊಟ್ಟಿಲಕ್ಕ ಹೋಗಿದ್ಲು. ಮನ್ಯಾಗ ತುಂಬವರಾದ್ರೂ ಯಾರಿದ್ರು?"

"ನಾ ಇದ್ದೆ ರೀ ಮಾವಾರ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಬಸವಂತಮ್ಮ. ತಲೆಯ ಮೇಲಿನ ಸೆರಗು ಜಾರಿರಲಿಲ್ಲ.

"ಒಳಗ ನಡಿ," ಎಂದರು ಮಹಾಂತಯ್ಯನವರು.

"ನಡೀತೀನ್ರಿ. ಹೇಳಿ ನಡೀತೀನಿ." ಆಕೆ ನನ್ನ ಕಡೆ ತಿರುಗಿದಳು. "ಉಡಿ ತುಂಬಿದಾಕಿ ನಾನs ರೀ ಯಪ್ಪಾ."

"ಯಾವ ಮಗುವಿನ ಸಲುವಾಗಿ ತಾಯಿ? ನಿನಗ ಇನ್ನಾ ಮಕ್ಕಳಿಲ್ಲ."

"ನನ್ನ ಸಲುವಾಗಿ."

ಮಹಾಂತಯ್ಯನವರು ಹಿಡಿಯಲ್ಲಿದ್ದ ಅಕ್ಕಿಯನ್ನು ಗಂಟಿಗೆ ಮರಳಿ ಹಾಕಿದರು.

"ಒಂಬತ್ತನೇತ್ತೆ ಮುಗಿದ ವರ್ಷ ನನ್ನ ಮದಿವಿ ಆತು. ಹತ್ತನೇತ್ತೆ ಪರೀಕ್ಷೆ ಹೊರಗಿಂದ ಕಟ್ಟಬಹುದು, ನಾ ಓದಸತೀನಿ ಅಂದ್ರು ಅಕ್ಕೋರು. ಬೀಗದ ಕೈ ಕೇಳಾಕ ಬಂದಿದ್ರು. ನಾ ಅವರ ಸೆರಗು ಹಿಡಿದು ತುಂಬೇ ಬಿಟ್ಟೆ. ನಾ ತಗೋಬಾರದವ್ವಾ ಈ ಮನ್ಯಾಗ ಅಂದ್ರು. ನೀವು ತಗೋಲಿಲ್ಲಂದ್ರ ನನ್ನ ಮಾತು ಗಟ್ಟಿ ಆಗೋದಿಲ್ಲ ಅಂದೆ."

ಮಹಾಂತಯ್ಯನವರ ದನಿ ತಗ್ಗಿತ್ತು. "ನನ್ನ ಒಂದು ಮಾತು ಕೇಳಬೇಕಾಗಿತ್ತಲ್ಲ ಬಸವಂತಿ."

"ಕೇಳಿದ್ರ ಬ್ಯಾಡ ಅಂತಿದ್ರಿ. ಬ್ಯಾಡ ಅಂದ ಮ್ಯಾಲೆ ನಾ ತುಂಬಿದ್ರ ತಪ್ಪಾಗತಿತ್ತು. ಅದಕ್ಕs ಕೇಳಲಿಲ್ಲ."

ಅಂಬಣ್ಣ ಮುಖ ತಿರುಗಿಸಿ ಮೀಸೆಯಲ್ಲಿ ನಕ್ಕ. ಮಹಾಂತಯ್ಯನವರು ಸೊಸೆಯನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿತ್ತು, ಸಿಟ್ಟೊಂದೇ ಇರಲಿಲ್ಲ.

"ಎಷ್ಟೊತ್ತಿಗೆ ತುಂಬಿದಿ ತಾಯಿ?" ಎಂದೆ.

"ದ್ಯಾವರ ಮುಂದ ದೀಪ ಹಚ್ಚಿದ ಮ್ಯಾಲೆ ರೀ. ಅದಕ್ಕ ಮೊದಲ ಉಡಿ ಹೆಂಗ ತುಂಬಲಿ?"

ಅಂಬಣ್ಣನ ನಗೆ ಅಲ್ಲಿಗೇ ನಿಂತಿತು. ಹೊತ್ತು ಮುಳುಗಿದ ಮೇಲೂ ನನ್ನ ತಂಗಿ ಈ ಪಡಸಾಲೆಯಲ್ಲಿ ಜೀವಂತ ನಿಂತಿದ್ದಳು. ಮಧ್ಯಾಹ್ನದ ಬಿಸಿಲು ಆಕೆಯನ್ನು ಕೊಂದಿರಲಿಲ್ಲ.

"ಆಮ್ಯಾಲೆ?"

"ಕಲ್ಲೂರ ಕಡಿ ಕಡೇ ಬಸ್ಸಿಗೆ ಹೋಗಬೇಕಂತ ಗಡಿಬಿಡಿ ಮಾಡಿದ್ರು. ಆ ಹುಡುಗಿ ಒಂದs ಸವನೆ ಅಳಾಕತ್ತಿತ್ತು."

"ಯಾವ ಹುಡುಗಿ?"

ಬಸವಂತಮ್ಮ ನನ್ನನ್ನೂ ಅಂಬಣ್ಣನನ್ನೂ ನೋಡಿದಳು. ನಮಗೆ ಗೊತ್ತಿದೆ ಎಂದೇ ಆಕೆ ತಿಳಿದಿದ್ದಳು.

"ದುರುಗಮ್ಮ ರೀ. ಕಲ್ಲೂರ ಭೀಮವ್ವನ ಮಗಳು. ನಾಳಿದ್ದು ನನ್ನ ಮದಿವಿ ಮಾಡತಾರ ಅಂತ ಬರಿಗಾಲೀಲೆ ಬಸ್ಸು ಹತ್ತಿ ಓಡಿ ಬಂದಿತ್ತು. ಅಂಗಾಲು ಸುಟ್ಟು ಬೊಬ್ಬಿ ಬಂದಿದ್ವು. ಅಕ್ಕೋರು ತಮ್ಮ ಚಪ್ಪಲಿ ಅಕಿ ಕಾಲಿಗೆ ಹಾಕಿದ್ರು. ನಡಿ, ನಿಮ್ಮವ್ವನ ಜೋಡಿ ನಾ ಮಾತಾಡತೀನಿ ಅಂತ ಕೈ ಹಿಡಕೊಂಡು ಹೋದ್ರು."

"ಸುಳ್ಳು," ಎಂದೆ. ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂದು ನನಗೇ ತಿಳಿಯಲಿಲ್ಲ. "ಭೀಮವ್ವ ಇವತ್ತs ನನಗ ಹೇಳ್ಯಾಳ. ಹುಡುಗಿ ಐತವಾರನs ಮಟಮಾರಿಗೆ ಹೋಗ್ಯಾಳಂತ. ಚಿಗವ್ವನ ಮನಿಗೆ."

ಅಂಬಣ್ಣ ತಟ್ಟನೆ ನನ್ನ ರಟ್ಟೆ ಹಿಡಿದ. ಹಟ್ಟಿಯಲ್ಲಿ ಅವನು ಗುಡಿಸಲಿನ ಹೊರಗೆ ನಿಂತಿದ್ದ. ಈ ಮಾತು ಅವನ ಕಿವಿಗೆ ಈಗಲೇ ಬಿದ್ದದ್ದು.

"ಯಾರ ಮನಿಗೆ ಅಂದ್ಲು?"

"ತಂಗಿ ಮನಿಗೆ."

"ಯಪ್ಪಾ, ಭೀಮವ್ವ ನಮ್ಮ ಕಳ್ಳುಬಳ್ಳಿಯಾಕಿ. ಅಕಿ ಒಬ್ಬಾಕಿನs ಮಗಳು. ಅಕಿಗೆ ತಂಗೀನs ಇಲ್ಲ."

ಮಹಾಂತಯ್ಯನವರು ಗೋಡೆಯ ಗೂಟದಿಂದ ಟಾರ್ಚು ತೆಗೆದು ಅಂಬಣ್ಣನ ಕೈಗೆ ಕೊಟ್ಟರು.

ಜೀಪು ಕಲ್ಲೂರಿನ ಕಡೆ ಹೊರಟಿತು. ಪಡುವಣದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಸಾಲಿ ಉಳಿಯಬೇಕೋ ಸತ್ಯ ಉಳಿಯಬೇಕೋ ಎಂಬ ಮಾತನ್ನು ಅಂಬಣ್ಣ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವನು ಮುಂದೆ ಬಾಗಿ ಕುಳಿತಿದ್ದ, ಡ್ರೈವರನಿಗೆ "ಹೊಡಿ, ಹೊಡಿ" ಎನ್ನುವುದೊಂದೇ ಅವನ ಮಾತು.

ನಾನು ಎದೆಯ ಮೇಲಿನ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮೂರು ದಿನದಿಂದ ಬಾಯಿಗೆ ಬಾರದ ಪ್ರಾರ್ಥನೆ ಆಗ ಬಂತು.

ಶಿವನೇ, ನನ್ನ ತಂಗಿ ನೀಲಗಂಗಮ್ಮ ನಿನ್ನ ಪಾದಕ್ಕೆ ಬಂದಿದ್ದಾಳೆ. ನಡೆದು ನಡೆದು ದಣಿದ ಜೀವ. ಆಕೆಗೆ ಶಾಂತಿ ಕೊಡು, ನೆರಳು ಕೊಡು. ಆದರೆ ತಂದೆ, ಅಲ್ಲಿ ಆಕೆ ಒಬ್ಬಳೇ ಇರಲಿ. ಆಕೆಯ ಕೈ ಹಿಡಿದುಕೊಂಡು ಇನ್ನೊಬ್ಬಳು ಬಾರದಿರಲಿ.